ಗೋತ್ರ ಬೇರೆ, ಸರಿ. ಅಜ್ಜಿ ಒಬ್ಬರೇ ಅಲ್ಲವೇ?

ಜೀನಿನ ಕಾಯಿಲೆಯ ಮಗುವನ್ನು ನನ್ನ ಬಳಿ ಕರೆತರುವ ಅಪ್ಪ-ಅಮ್ಮನನ್ನು “ಸಂಬಂಧದಲ್ಲಿ ಆದ ಮದುವೆಯಾ?” ಎಂದು ಕೇಳುವುದನ್ನೇ ನಾನು ಬಿಟ್ಟಿದ್ದೇನೆ. ಉತ್ತರ ಮೊದಲೇ ಗೊತ್ತು: “ಇಲ್ಲ ಮೇಡಂ, ಗೋತ್ರ ಬೇರೆ.” ಈಗ ಬೇರೆ ದಾರಿ ಹಿಡಿದಿದ್ದೇನೆ. ಮಗುವಿನ ತಾಯಿಯ ಕಡೆ ತಿರುಗಿ, “ಮದುವೆಗೆ ಮುಂಚೆ ನಿಮ್ಮ ಅತ್ತೆಯನ್ನ ಏನಂತ ಕರೀತಿದ್ರಿ?” ಎನ್ನುತ್ತೇನೆ. ಆಕೆ ಒಂದು ಕ್ಷಣ ಗಂಡನ ಮುಖ ನೋಡಿ, “ಅಜ್ಜಿ ಅಂತಿದ್ದೆ. ಈಗಲೂ ಬಾಯಿಗೆ ಅದೇ ಬರತ್ತೆ” ಎನ್ನುತ್ತಾಳೆ. ಮೊಮ್ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡ ಆ ಅಜ್ಜಿಯೂ ನಗುತ್ತಾರೆ. ಗಂಡ-ಹೆಂಡಿರ ನಡುವೆ ಒಂದು ಗೆರೆ ಎಳೆಯಬೇಕಾದಲ್ಲಿ ನಾನು ಎರಡು ಎಳೆಯುತ್ತೇನೆ. ವಂಶಾವಳಿಯ ಚಾರ್ಟಿನಲ್ಲಿ ರಕ್ತಸಂಬಂಧದ ಮದುವೆಗೆ ಜೋಡಿಗೆರೆಯೇ ಗುರುತು.

ಇವರು ಸುಳ್ಳು ಹೇಳುತ್ತಿಲ್ಲ. ಸೋದರಮಾವ ಮತ್ತು ಅಕ್ಕನ ಮಗಳ ಗೋತ್ರ ನಿಜವಾಗಿಯೂ ಬೇರೆಯೇ. ಅವನದು ಅವನ ಅಪ್ಪನ ಗೋತ್ರ, ಅವಳದು ಅವಳ ಅಪ್ಪನದು. ಶಾಸ್ತ್ರ ಕೇಳಿದ್ದಾರೆ, ಪುರೋಹಿತರು ಒಪ್ಪಿದ್ದಾರೆ, ಹಿರಿಯರು ಅಕ್ಷತೆ ಹಾಕಿದ್ದಾರೆ. 1955ರ ಹಿಂದೂ ವಿವಾಹ ಕಾಯ್ದೆ ಕೂಡ ಮಾವ-ಸೊಸೆಯ ಮದುವೆಯನ್ನು ನಿಷಿದ್ಧ ಸಂಬಂಧಗಳ ಪಟ್ಟಿಗೆ ಸೇರಿಸಿ, ‘ರೂಢಿ ಇದ್ದಲ್ಲಿ ಆಗಬಹುದು’ ಎಂದು ಬಾಗಿಲು ತೆರೆದಿಟ್ಟಿದೆ. ನಮ್ಮಲ್ಲಿ ರೂಢಿ ಇದೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹೆರಿಗೆಯಾದ ತಾಯಂದಿರನ್ನು ವಿಚಾರಿಸಿದಾಗ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರದು ಸಂಬಂಧದೊಳಗಿನ ಮದುವೆಯಾಗಿತ್ತು. ಈಗ ಸ್ವಲ್ಪ ಇಳಿದಿದೆ, ನಿಂತಿಲ್ಲ.

ನನ್ನ ತಕರಾರು ಮದುವೆಯ ಬಗ್ಗೆ ಅಲ್ಲ, ಆ ಒಂದು ವಾಕ್ಯದ ಬಗ್ಗೆ. ಗೋತ್ರ ಎಣಿಸುವುದು ಒಂದೇ ಎಳೆಯನ್ನು: ಅಪ್ಪ, ಅಪ್ಪನ ಅಪ್ಪ, ಅವನ ಅಪ್ಪ. ನಿಮಗೆ ಮುತ್ತಜ್ಜ-ಮುತ್ತಜ್ಜಿಯರು ಎಂಟು ಮಂದಿ. ಎಂಟೂ ಜನರಿಂದ ನಿಮಗೆ ಜೀನ್ ಬಂದಿದೆ, ಗೋತ್ರ ಬಂದದ್ದು ಒಬ್ಬನಿಂದ. ಇನ್ನೂ ಹಿಂದೆ ಹೋಗಿ ಹತ್ತನೇ ತಲೆಮಾರಿಗೆ ನಿಂತರೆ 1024 ಸ್ಥಾನಗಳು, ಗೋತ್ರದ ಲೆಕ್ಕಕ್ಕೆ ಆಗಲೂ ಒಬ್ಬನೇ. ಉಳಿದ 1023ರಲ್ಲಿ ಯಾರು ಯಾರು ಇದ್ದರು ಎಂಬುದನ್ನು ಗೋತ್ರ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಹೊಲದ ಪಹಣಿಯಲ್ಲಿ ಯಾರ ಹೆಸರಿದೆ ಎಂದು ನೋಡಿ ಮಣ್ಣಿನಲ್ಲಿ ಏನಿದೆ ಎಂದು ಹೇಳಿದ ಹಾಗೆ ಇದು. ಲಿಂಗಾಯತರ, ಕುರುಬರ ಬೆಡಗಿಗೂ (ಅವರಲ್ಲಿ ಗೋತ್ರದಂಥದು) ಇದೇ ಮಾತು. ತುಳುನಾಡಿನ ಬಂಟರ ‘ಬಳಿ’ ತಾಯಿಯ ಕಡೆಯಿಂದ ಬರುತ್ತದೆ. ಎಳೆ ಬದಲಾಯಿತು, ಆದರೆ ಅದೂ ಒಂದೇ ಎಳೆ.

ಈಗ ಮಾವ-ಸೊಸೆಗೆ ಹುಟ್ಟಿದ ಮಗುವನ್ನು ನೋಡಿ. ಅಪ್ಪನ ಕಡೆಯ ಅಜ್ಜ-ಅಜ್ಜಿ ಯಾರೋ, ಅಮ್ಮನ ಕಡೆಯ ಮುತ್ತಜ್ಜ-ಮುತ್ತಜ್ಜಿಯೂ ಅವರೇ. ಅಂದರೆ ಒಂದೇ ಜೋಡಿಯಿಂದ ಮಗುವಿಗೆ ಎರಡು ದಾರಿ. ಆ ಜೋಡಿಯಲ್ಲಿ ಒಬ್ಬರ ಒಂದು ಜೀನಿನಲ್ಲಿ ತಪ್ಪಿದ್ದರೆ, ಅದೇ ತಪ್ಪು ಎರಡೂ ದಾರಿಯಿಂದ ಬಂದು ಮಗುವಿನಲ್ಲಿ ಕೂಡಿಕೊಳ್ಳಬಹುದು. ಇಂಥ ಜೀನು ನಮ್ಮಲ್ಲಿ ಎರಡು ಪ್ರತಿ ಇರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಪ್ರತಿ ಕೆಟ್ಟು ಇನ್ನೊಂದು ಸರಿಯಿದ್ದವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅವರು ವಾಹಕರು ಮಾತ್ರ, ನಮ್ಮ ಬಾಯಲ್ಲಿ ಕ್ಯಾರಿಯರ್. ಇಂಥ ಕೆಲವಾದರೂ ತಪ್ಪುಗಳನ್ನು ನಾವೆಲ್ಲರೂ ಹೊತ್ತಿದ್ದೇವೆ, ನಾನೂ ಸೇರಿ. ಎರಡೂ ಪ್ರತಿ ಕೆಟ್ಟಾಗಲೇ ಕಾಯಿಲೆ. “ನಮ್ಮ ವಂಶದಲ್ಲೇ ಯಾರಿಗೂ ಇಲ್ಲವಲ್ಲ” ಎಂದು ಆಶ್ಚರ್ಯಪಡುವವರಿಗೆ ನಾನು ಹೇಳುವುದೂ ಇದನ್ನೇ. ಇಂಥ ಕಾಯಿಲೆ ಯಾರಿಗೂ ಕಾಣದೆ ತಲೆಮಾರುಗಳನ್ನು ದಾಟುತ್ತದೆ.

ಲೆಕ್ಕ ಹಾಕಿಯೇ ತೋರಿಸುತ್ತೇನೆ, ಯಾಕೆಂದರೆ ಮಾತಿನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ನೂರು ಜನರಲ್ಲಿ ಒಬ್ಬರು ಒಂದು ಕಾಯಿಲೆಯ ವಾಹಕರು ಅಂದುಕೊಳ್ಳಿ. ಒಬ್ಬ ಹುಡುಗ ವಾಹಕ, ಗಟ್ಟಿಮುಟ್ಟಾಗಿದ್ದಾನೆ, ಅವನಿಗೆ ಗೊತ್ತೂ ಇಲ್ಲ. ಸಂಬಂಧವೇ ಇಲ್ಲದ ಹುಡುಗಿಯನ್ನು ಮದುವೆಯಾದರೆ ಅವಳೂ ವಾಹಕಿಯಾಗಿರುವ ಸಾಧ್ಯತೆ 100ಕ್ಕೆ 1. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 4ಕ್ಕೆ 1. ಎರಡನ್ನೂ ಗುಣಿಸಿದರೆ 400ಕ್ಕೆ 1. ಅದೇ ಹುಡುಗ ಅಕ್ಕನ ಮಗಳನ್ನು ಮದುವೆಯಾದನೆನ್ನಿ. ಅವನಿಗೆ ಆ ಜೀನ್ ಬಂದದ್ದು ಅವನ ಅಪ್ಪ-ಅಮ್ಮನಲ್ಲಿ ಒಬ್ಬರಿಂದ. ಅದು ಅಕ್ಕನಿಗೂ ಬಂದಿರುವ ಸಾಧ್ಯತೆ ಅರ್ಧ, ಅಕ್ಕನಿಂದ ಅವಳ ಮಗಳಿಗೆ ದಾಟಿರುವ ಸಾಧ್ಯತೆ ಅರ್ಧದಲ್ಲಿ ಅರ್ಧ. ಹುಡುಗಿ ವಾಹಕಿಯಾಗಿರುವ ಸಾಧ್ಯತೆ 4ಕ್ಕೆ 1 ಆಯಿತು, ಮಗುವಿಗೆ ಕಾಯಿಲೆಯ ಸಾಧ್ಯತೆ 16ಕ್ಕೆ 1. ಸೋದರತ್ತೆಯ ಅಥವಾ ಸೋದರಮಾವನ ಮಗಳಾದರೆ 32ಕ್ಕೆ 1. ಈ ಗುಣಾಕಾರದಲ್ಲಿ ಗೋತ್ರ ಎಲ್ಲಿಯಾದರೂ ಬಂತೇ?

ಇಲ್ಲೊಂದು ಎಚ್ಚರಿಕೆ. ಇದು ಹುಡುಗ ವಾಹಕನೆಂದು ಗೊತ್ತಿದ್ದಾಗಿನ ಲೆಕ್ಕ. ಸಂಬಂಧದಲ್ಲಿ ಮದುವೆಯಾದವರೆಲ್ಲರ ಮಕ್ಕಳಿಗೂ 16ರಲ್ಲಿ ಒಬ್ಬರಿಗೆ ಕಾಯಿಲೆ ಎಂದು ಓದಿಕೊಂಡು ಯಾರೂ ಊಟ ಬಿಡಬೇಡಿ. ಒಟ್ಟಾರೆ ನೋಡಿದರೆ, ಸಂಬಂಧವಿಲ್ಲದ ದಂಪತಿಗಳ ಮಕ್ಕಳಲ್ಲಿ ಹುಟ್ಟಿನಿಂದ ಬರುವ ಗಂಭೀರ ತೊಂದರೆ ನೂರಕ್ಕೆ ಎರಡು ಮೂರು. ಅತ್ತೆ ಮಗಳು, ಮಾವನ ಮಗಳನ್ನು ಮದುವೆಯಾದಾಗ ಅದು ಹೆಚ್ಚುಕಡಿಮೆ ಇಮ್ಮಡಿ. ಸ್ವಂತ ಮಾವನಾದರೆ ಇನ್ನೂ ಹೆಚ್ಚು ಎಂದೇ ನಾವು ಹೇಳುವುದು. ಹಾಗಿದ್ದೂ ಬಹುಪಾಲು ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ. ಸಕ್ಕರೆ ಕಾಯಿಲೆ, ಬಿ.ಪಿ. ಇವು ಬೇರೆ ಜಾತಿಯವು: ಹತ್ತಾರು ಜೀನುಗಳು, ಜೊತೆಗೆ ಊಟ, ವಯಸ್ಸು. ಅವನ್ನು ಈ ಲೆಕ್ಕದೊಳಗೆ ಎಳೆದು ತರಬೇಡಿ.

ಬಹುಪಾಲು ಮಕ್ಕಳು ಚೆನ್ನಾಗಿರುವುದರಿಂದಲೇ ತಾತನ ಕತೆ ಬರುತ್ತದೆ. “ನಮ್ಮ ತಾತನೂ ಅಕ್ಕನ ಮಗಳನ್ನೇ ಕಟ್ಟಿಕೊಂಡದ್ದು, ಏಳು ಮಕ್ಕಳು, ಎಲ್ಲರೂ ಕಲ್ಲುಗುಂಡು.” ಆಗ ನಾನು ಅಪ್ಪನನ್ನು ಬಿಟ್ಟು ಜೊತೆಗೆ ಬಂದ ಹಿರಿಯ ಹೆಂಗಸನ್ನು ಕೇಳುತ್ತೇನೆ: ಬದುಕಿದವರು ಏಳು, ಹುಟ್ಟಿದ್ದು ಎಷ್ಟು? “ಎರಡು ಹೆಸರಿಡೋ ಮುಂಚೆ ಹೋದವು, ಒಂದು ಸೆಳೆತ ಬಂದು…” ಎಂದು ನಿಧಾನವಾಗಿ ಹೊರಬರುತ್ತದೆ. ಆ ಕಾಲದಲ್ಲಿ ವಾಂತಿ-ಭೇದಿಗೂ ಮಕ್ಕಳು ಹೋಗುತ್ತಿದ್ದವು, ಜ್ವರಕ್ಕೂ ಹೋಗುತ್ತಿದ್ದವು. ಅವುಗಳ ನಡುವೆ ಜೀನಿನ ಕಾಯಿಲೆಯಿಂದ ಹೋದದ್ದು ಯಾವುದೆಂದು ಬೇರೆ ಮಾಡಿ ಎಣಿಸಿದವರು ಯಾರು? ಆ ಮೂರೂ ಜೀನಿನಿಂದಲೇ ಹೋದವೆಂದು ನಾನು ಹೇಳಲಾರೆ. ಏಳು ಗಟ್ಟಿ ಮಕ್ಕಳಿಂದ ಏನೂ ಸಾಬೀತಾಗುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ಅಂದ ಹಾಗೆ ವಂಶಾವಳಿ ಬರೆಸಲು ಹೆಂಗಸರೇ ಬೇಕು. ಗಂಡಸರಿಗೆ ಜಮೀನು ಯಾವ ತಲೆಮಾರಿನಲ್ಲಿ ಭಾಗವಾಯಿತು ಎಂಬಲ್ಲಿಯವರೆಗೆ ಗೊತ್ತಿರುತ್ತದೆ, ಯಾರನ್ನು ಯಾವ ಊರಿಗೆ ಕೊಟ್ಟಿತ್ತು ಎಂಬುದು ಗೊತ್ತಿರುವುದಿಲ್ಲ. ಒಮ್ಮೆ ಒಬ್ಬ ಅಜ್ಜಿ ಹೇಳುತ್ತಾ ಹೋದರು, ನಾನು ಗಂಡಿಗೆ ಚೌಕ, ಹೆಣ್ಣಿಗೆ ದುಂಡು ಬರೆಯುತ್ತಾ ಹೋದೆ. ಹಾಳೆ ತುಂಬಿತು, ಇನ್ನೊಂದು ಅಂಟಿಸಿದೆ. ಅಜ್ಜಿ ಬಗ್ಗಿ ನೋಡಿ, “ಈ ದುಂಡು, ಆ ಮೂಲೆ ದುಂಡು, ಎರಡೂ ನಮ್ಮ ದೊಡ್ಡತ್ತೇನೇ ಕಣಮ್ಮ, ಯಾಕೆ ಎರಡು ಸಲ ಬರೆದಿ?” ಎಂದರು. ಮೂರು ತಲೆಮಾರು ಎರಡೇ ಮನೆಗಳ ನಡುವೆ ಕೊಟ್ಟು ತಂದು ಮಾಡಿದ್ದರು. ಇಂಥಲ್ಲಿ ನಾನು ಮೇಲೆ ಹಾಕಿದ ಲೆಕ್ಕವೂ ಸಾಲದು, ಸಾಧ್ಯತೆ ಇನ್ನೂ ಏರುತ್ತದೆ.

ಇನ್ನೊಂದು ವಿಚಿತ್ರ. ಚಿಕ್ಕಮ್ಮನ ಮಗನನ್ನು, ದೊಡ್ಡಪ್ಪನ ಮಗನನ್ನು ಮದುವೆಯಾಗುವ ಮಾತೆತ್ತಿದರೆ ಇದೇ ಮನೆಯವರು ಕಿವಿ ಮುಚ್ಚಿಕೊಳ್ಳುತ್ತಾರೆ, ಅವನು ಅಣ್ಣ. ಸೋದರತ್ತೆಯ ಮಗನಾದರೆ ವರ. ಜೀನಿನ ಹಂಚಿಕೆ ಎರಡರಲ್ಲೂ ಒಂದೇ, ಎಂಟರಲ್ಲಿ ಒಂದು ಪಾಲು. ಸ್ವಂತ ಮಾವನಾದರೆ ನಾಲ್ಕರಲ್ಲಿ ಒಂದು, ಅಂದರೆ ಆ ‘ಅಣ್ಣ’ನಿಗಿಂತ ಇಮ್ಮಡಿ ಹತ್ತಿರ.

“ಹಾಗಾದ್ರೆ ಜಾತಿಯೊಳಗೇ, ಆದರೆ ದೂರದ ಊರಿಂದ ತಂದರೆ ಆಗತ್ತಲ್ಲ?” ಎನ್ನುತ್ತಾರೆ. ಹೆಚ್ಚಿನ ಮಟ್ಟಿಗೆ ಹೌದು. ಪೂರ್ತಿ ಹೌದು ಎನ್ನಲು ಮಾತ್ರ ಆಗದು. ಆರ್ಯವೈಶ್ಯರನ್ನೇ ನೋಡಿ. ವಾಸವಿ ಕನ್ಯಕಾಪರಮೇಶ್ವರಿಯ ಕತೆಯ ಜೊತೆಗೇ ಬಂದ 102 ಗೋತ್ರಗಳು, ಸಗೋತ್ರ ಮದುವೆ ಇಲ್ಲ. ಆದರೂ ಬ್ಯೂಟಿರಿಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವದ ಕೊರತೆ ಆ ಸಮುದಾಯದಲ್ಲಿ ಉಳಿದವರಿಗಿಂತ ಬಹಳ ಹೆಚ್ಚು. ದಿನನಿತ್ಯದ ಬದುಕಿಗೆ ಇದರಿಂದ ಏನೂ ತೊಂದರೆಯಿಲ್ಲ. ಆದರೆ ಆಪರೇಷನ್ ಸಮಯದಲ್ಲಿ ಸ್ನಾಯುಗಳನ್ನು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಕೊಟ್ಟರೆ, ಕೆಲವೇ ನಿಮಿಷಗಳಲ್ಲಿ ಇಳಿಯಬೇಕಾದ ಆ ಸಡಿಲಿಕೆ ಗಂಟೆಗಟ್ಟಲೆ ಉಳಿದು, ಅಷ್ಟು ಹೊತ್ತು ವೆಂಟಿಲೇಟರಿನಲ್ಲಿ ಇಡಬೇಕಾಗುತ್ತದೆ. ಅದಕ್ಕೇ ಅನುಭವಿ ಅರಿವಳಿಕೆ ವೈದ್ಯರು ಸಮುದಾಯ ಕೇಳುತ್ತಾರೆ. ದಯವಿಟ್ಟು ಬೇಸರಿಸದೆ ಹೇಳಿ, ಅದು ಜಾತಿ ವಿಚಾರಣೆಯಲ್ಲ. ಬಹಳ ಹಿಂದೆ ಕೆಲವೇ ಮಂದಿಯಿಂದ ಬೆಳೆದ ಗುಂಪು ತನ್ನೊಳಗೇ ಮದುವೆ ಮಾಡಿಕೊಂಡು ಬಂದರೆ, ಆ ಕೆಲವರಲ್ಲಿದ್ದ ತಪ್ಪು ಇಡೀ ಗುಂಪಿಗೆ ಹರಡುತ್ತದೆ. ಇದು ಒಂದು ಸಮುದಾಯದ ಪಾಡಲ್ಲ. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಶೋಧನಾ ಸಂಸ್ಥೆಯ ತಂಗರಾಜ್, ಹಾರ್ವರ್ಡಿನ ಡೇವಿಡ್ ರೈಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳ ಪೈಕಿ 81ರಲ್ಲಿ ಈ ಪರಿಣಾಮ, ಇದಕ್ಕೇ ಹೆಸರಾದ ಫಿನ್‌ಲೆಂಡಿನವರಿಗಿಂತಲೂ ಯುರೋಪ್ ಮೂಲದ ಅಶ್ಕೆನಾಜಿ ಯೆಹೂದ್ಯರಿಗಿಂತಲೂ ತೀವ್ರವಾಗಿತ್ತು.

ಹಾಗೆಂದು ಎಲ್ಲದಕ್ಕೂ ಸಂಬಂಧದ ಮದುವೆಯನ್ನೇ ದೂರುವುದೂ ತಪ್ಪು. ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆಯನ್ನು ಹಿರಿಯರು ಕೇಳಿರುತ್ತೀರಿ. 1970ರ ದಶಕದಲ್ಲಿ ಬೆಳಕಿಗೆ ಬಂತು. ಸೊಂಟ, ಮಂಡಿ ಹಿಡಿದು ನಡೆಯಲಾಗದ ಬಡ ಕೂಲಿಕಾರರು, ಕುಳ್ಳಗೇ ಉಳಿದ ಮಕ್ಕಳು. ಮೊದಲು ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು ಎಂದೆಲ್ಲ ಶಂಕಿಸಿದರು. ಆಮೇಲೆ ವಂಶಾವಳಿ ಬರೆದು ನೋಡಿದಾಗ ಅದು ತಂದೆ ಅಥವಾ ತಾಯಿ ಒಬ್ಬರಿಂದಲೇ ಇಳಿಯುವ ಪ್ರಬಲ ಬಗೆಯದೆಂದು ತಿಳಿಯಿತು. ಅಲ್ಲಿ ಒಂದು ಪ್ರತಿ ಕೆಟ್ಟರೂ ಸಾಕು, ಸಂಬಂಧ ಬೇಕಾಗಿಯೇ ಇಲ್ಲ. ಇನ್ನು “ಇಬ್ಬರದೂ ಒಂದೇ ಬ್ಲಡ್ ಗ್ರೂಪ್, ಅದಕ್ಕೇ ಹೀಗಾಯ್ತಾ?” ಎನ್ನುವವರಿಗೆ ಉತ್ತರ ಒಂದೇ: ಅಲ್ಲ. ಒಂದೇ ಗುಂಪಿದ್ದರೆ ನಮಗೆ ಒಂದು ಚಿಂತೆ ಕಡಿಮೆ.

ಸಂಬಂಧದಲ್ಲಿ ಮದುವೆಯಾದವರನ್ನು ನಾನು ಗದರುವುದಿಲ್ಲ, ಗದರುವ ವೈದ್ಯರನ್ನು ಕಂಡರೆ ನನಗೆ ಆಗುವುದೂ ಇಲ್ಲ. ಗೊತ್ತಿರುವ ಮನೆ, ಕಣ್ಣಳತೆಯಲ್ಲಿ ಮಗಳು, ಒಡೆಯದ ಆಸ್ತಿ, ಈ ಕಾರಣಗಳು ಹುಸಿಯಲ್ಲ. ಇನ್ನೊಂದನ್ನೂ ಕಂಡಿದ್ದೇನೆ. ಮಗುವಿಗೆ ಕಾಯಿಲೆ ಎಂದು ತಿಳಿದ ದಿನ, ಹೊರಗಿನಿಂದ ಬಂದ ಸೊಸೆಯಾದರೆ “ನಿಮ್ಮ ಕಡೆಯಿಂದ ಬಂದದ್ದು” ಎಂಬ ಮಾತು ನನ್ನ ಎದುರಿಗೇ ಬಂದುಬಿಡುತ್ತದೆ. ಇಬ್ಬರಿಂದಲೂ ಒಂದೊಂದು ಪ್ರತಿ ಬಾರದೆ ಈ ಕಾಯಿಲೆ ಆಗುವುದೇ ಇಲ್ಲ ಎಂದು ಎಷ್ಟು ಹೇಳಿದರೂ ಆ ಮಾತು ಪೂರ್ತಿ ಹೋಗುವುದಿಲ್ಲ. ಅತ್ತೆಯೇ ಅಜ್ಜಿಯಾದ ಮನೆಯಲ್ಲಿ ಆ ಮಾತು ಕೇಳಿದ್ದು ಕಡಿಮೆ.

ಮದುವೆಗೆ ಮುಂಚೆ ಬಂದು ಕೇಳುವ ಹುಡುಗ-ಹುಡುಗಿಯರು ಈಗೀಗ ಹೆಚ್ಚುತ್ತಿದ್ದಾರೆ. ಬೇಡ ಎನ್ನುವುದು ನನ್ನ ಕೆಲಸವಲ್ಲ. ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಯಂಥವಕ್ಕೆ ಸಾದಾ ರಕ್ತಪರೀಕ್ಷೆಯಿಂದಲೇ ವಾಹಕರು ಯಾರೆಂದು ತಿಳಿಯುತ್ತದೆ. ಈಗ ನೂರಾರು ಜೀನುಗಳನ್ನು ಒಟ್ಟಿಗೆ ನೋಡುವ ಪರೀಕ್ಷೆಯೂ ಇದೆ. ಅದು ದುಬಾರಿ, ಎಲ್ಲವನ್ನೂ ಹಿಡಿಯುವುದೂ ಇಲ್ಲ. ವರದಿ ಚೆನ್ನಾಗಿ ಬಂದರೆ ಅಪಾಯ ಕಡಿಮೆಯಾಯಿತು ಎಂದರ್ಥ, ಇಲ್ಲವಾಯಿತು ಎಂದಲ್ಲ.

ಮನೆಯಲ್ಲಿ ಈಗಾಗಲೇ ಒಂದು ಮಗುವಿಗೆ ಕಾಯಿಲೆ ಇದ್ದರೆ ಮೊದಲು ಆಗಬೇಕಾದದ್ದು ಆ ಮಗುವಿನ ಪರೀಕ್ಷೆ. ಯಾವ ಜೀನ್ ಎಂದು ತಿಳಿಯದೆ ಮುಂದಿನ ಬಸಿರಿನಲ್ಲಿ ಏನನ್ನು ಹುಡುಕುವುದು? ಮಗು ತೀವ್ರ ನಿಗಾ ಘಟಕದಲ್ಲಿದ್ದು ಉಳಿಯುವ ಭರವಸೆ ಕಡಿಮೆ ಎಂದು ವೈದ್ಯರು ಹೇಳಿದಾಗ, ಆ ಹೊತ್ತಿನಲ್ಲಿ ಕೇಳುವುದು ಕಷ್ಟ, ಆದರೂ ಡಿಎನ್‌ಎಗಾಗಿ ಸ್ವಲ್ಪ ರಕ್ತ ತೆಗೆದಿಡಿ ಎಂದು ಕೇಳಿ. ಎರಡು ವರ್ಷದ ನಂತರ ಬಂದು ಕೂತವರಿಗೆ ನಾನು ಅತಿ ಹೆಚ್ಚು ಕೈಚೆಲ್ಲಬೇಕಾಗುವುದು ಆ ಚೂರು ರಕ್ತ ಇಲ್ಲದ್ದರಿಂದ.

ಮತ್ತೆ ಬಸಿರಾದರೆ ತಡಮಾಡಬೇಡಿ. ಮಾಸು ಚೂರು ತೆಗೆಯುವ ಪರೀಕ್ಷೆ 11ನೇ ವಾರದಿಂದ, ಗರ್ಭನೀರಿನ ಪರೀಕ್ಷೆ 16ನೇ ವಾರದ ಸುಮಾರಿಗೆ. ವರದಿ ಬರಲು ಮತ್ತೆ ಕೆಲವು ವಾರ ಹಿಡಿಯುತ್ತದೆ, ಕಾನೂನಿಗೂ ತನ್ನದೇ ವಾರಗಳ ಮಿತಿ ಇದೆ. ಗಂಡೋ ಹೆಣ್ಣೋ ಎಂದು ಅಲ್ಲಿ ಯಾರೂ ಹೇಳುವುದಿಲ್ಲ, ಕೇಳಲೂ ಬೇಡಿ. ಮುಟ್ಟು ನಿಂತ ಕೂಡಲೇ ಹಳೆಯ ವರದಿಗಳನ್ನೆಲ್ಲ ಹಿಡಿದುಕೊಂಡು ಬನ್ನಿ. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ಬಂದರೆ ನನ್ನಿಂದ ಆಗುವುದು ಬಹಳ ಕಡಿಮೆ. ಬರುವಾಗ ಅಜ್ಜಿಯನ್ನೂ ಕರೆದುಕೊಂಡು ಬನ್ನಿ, ಚಾರ್ಟ್ ಬರೆಸಲು ಅವರು ಬೇಕು.