ಒಣಗಿದ ಬಾಯಿಯನ್ನು ಅಳೆಯುವುದು ಹೇಗೆ?

ನಮ್ಮ ಚಿಕ್ಕಮ್ಮ ಊಟಕ್ಕೆ ಕೂತರೆ ತಟ್ಟೆಗಿಂತ ಮೊದಲು ನೀರಿನ ಚೊಂಬು ಬರಬೇಕು. ಚಪಾತಿ ಒಂದು ತುತ್ತು, ನೀರು ಒಂದು ಗುಟುಕು. ಮತ್ತೆ ತುತ್ತು, ಮತ್ತೆ ಗುಟುಕು. ಚಕ್ಕುಲಿ, ಒಗ್ಗರಣೆ ಅವಲಕ್ಕಿ ಬಿಟ್ಟು ವರ್ಷಗಳೇ ಆದವು. ರಾತ್ರಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಎಚ್ಚರವಾಗುತ್ತದೆ, ಕಣ್ಣಲ್ಲಿ ಮರಳು ಬಿದ್ದ ಹಾಗಿರುತ್ತದೆ ಅಂತಾರೆ. ತುಂಬಾ ದಿನ ಅವರಿಗೆ ಸಿಕ್ಕಿದ್ದು "ವಯಸ್ಸಾಯ್ತಲ್ಲ, ನೀರು ಜಾಸ್ತಿ ಕುಡೀರಿ" ಅನ್ನುವ ಮಾತು ಮಾತ್ರ. ಕೊನೆಗೆ ಒಸಡಿನ ಹತ್ತಿರ ಹಲ್ಲುಗಳು ಒಂದೊಂದಾಗಿ ಹುಳುಕಾಗತೊಡಗಿದಾಗ ಹಲ್ಲಿನ ಡಾಕ್ಟರಿಗೇ ಅನುಮಾನ ಬಂತು. ರಕ್ತ ಪರೀಕ್ಷೆ ಆಯಿತು. ಶೋಗ್ರೆನ್ಸ್ ಕಾಯಿಲೆ.

ನಮ್ಮನ್ನು ಸೋಂಕಿನಿಂದ ಕಾಯಬೇಕಾದ ಬಿಳಿ ರಕ್ತಕಣಗಳೇ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳಿಗೆ ನುಗ್ಗಿ ಅಲ್ಲೇ ಬೀಡು ಬಿಡುವ ಕಾಯಿಲೆ ಇದು. 10 ರೋಗಿಗಳಲ್ಲಿ ಸುಮಾರು 9 ಮಂದಿ ಹೆಂಗಸರು. ಸುಮ್ನೆ ಬಾಯಿ ಒಣಗುವುದಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಕೀಲು ನೋವು, ಮಲಗಿ ಎದ್ದರೂ ಹೋಗದ ಸುಸ್ತು, ಕೆಲವರಲ್ಲಿ ನರ, ಶ್ವಾಸಕೋಶ, ಮೂತ್ರಪಿಂಡಕ್ಕೂ ಪೆಟ್ಟು. ಕೆಲವೇ ಕೆಲವರಲ್ಲಿ ಲಿಂಫೋಮಾ ಅನ್ನುವ ಕ್ಯಾನ್ಸರ್ ಕೂಡ ಬರುತ್ತದೆ.

ಹೆಸರು ಬಂದಿದ್ದು ಸ್ವೀಡನ್ನಿನ ಕಣ್ಣಿನ ಡಾಕ್ಟರ್ ಹೆನ್ರಿಕ್ ಶೋಗ್ರೆನ್ ಅವರಿಂದ. ಕಣ್ಣು ಒಣಗಿದ್ದ 19 ಹೆಂಗಸರ ಬಗ್ಗೆ ಅವರು 1933ರಲ್ಲಿ ಪ್ರಬಂಧ ಬರೆದರು. ಆ ಪ್ರಬಂಧಕ್ಕೆ ಯೂನಿವರ್ಸಿಟಿಯಲ್ಲಿ ಪಾಠ ಹೇಳುವ ಪದವಿ ಸಿಗುವಷ್ಟು ಒಳ್ಳೆಯ ದರ್ಜೆಯೂ ಸಿಗಲಿಲ್ಲ. ಹತ್ತು ವರ್ಷದ ಮೇಲೆ, 1943ರಲ್ಲಿ, ಆಸ್ಟ್ರೇಲಿಯಾದ ಡಾಕ್ಟರೊಬ್ಬರು ಅದನ್ನು ಜರ್ಮನ್‌ನಿಂದ ಇಂಗ್ಲಿಷಿಗೆ ತಂದ ನಂತರವೇ ಹೊರಗಿನವರು ಗಮನಿಸಿದ್ದು.

ಈಗ ಪತ್ತೆ ಹಚ್ಚುವ ಕೆಲಸ ಸುಲಭವಾಗಿದೆ. ಕೆಳಗಿನ ರೆಪ್ಪೆಯೊಳಗೆ ಒಂದು ಕಾಗದದ ಪಟ್ಟಿ ಸಿಗಿಸಿ 5 ನಿಮಿಷ ಬಿಡುತ್ತಾರೆ. ಕಣ್ಣೀರು ಅದರ ಮೇಲೆ 5 ಮಿಲಿಮೀಟರ್ ದಾಟಿ ಹರಿಯದಿದ್ದರೆ ಕಣ್ಣು ಒಣಗಿದೆ ಅಂತ ಲೆಕ್ಕ. ಆಮೇಲೆ ಒಂದು ಟ್ಯೂಬ್ ಕೊಟ್ಟು ಸುಮ್ಮನೆ ಕೂತು ಜೊಲ್ಲು ಬಿಡಿ ಅಂತಾರೆ. 15 ನಿಮಿಷದಲ್ಲಿ ಒಂದೂವರೆ ಮಿಲಿಲೀಟರ್ ಕೂಡ ದಾಟದಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ತುಟಿಯ ಬಯಾಪ್ಸಿ. ಕೆಳತುಟಿಯ ಒಳಗೆ ನಾಲಿಗೆ ಆಡಿಸಿ ನೋಡಿ, ಸಾಸಿವೆ ಕಾಳಿನಂಥ ಗಂಟುಗಳು ಸಿಗುತ್ತವೆ ಅಲ್ವಾ? ಅವೂ ಜೊಲ್ಲಿನ ಗ್ರಂಥಿಗಳೇ. ಮರಗಟ್ಟಿಸಿ, ಚಿಕ್ಕದಾಗಿ ಕೊಯ್ದು, ನಾಲ್ಕೈದು ಹೊರತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. 50 ಅಥವಾ ಅದಕ್ಕಿಂತ ಜಾಸ್ತಿ ಬಿಳಿ ರಕ್ತಕಣಗಳು ಒಂದೇ ಕಡೆ ಗುಂಪುಗಟ್ಟಿದ್ದು, ಅಂಥ ಗುಂಪು 4 ಚದರ ಮಿಲಿಮೀಟರಿಗೆ ಒಂದಾದರೂ ಇದ್ದರೆ ಕಾಯಿಲೆ ಇದೆ ಅನ್ನುವುದಕ್ಕೆ ಅದು ಬಲವಾದ ಸಾಕ್ಷಿ.

ಪತ್ತೆ ಹಚ್ಚಬಹುದು ಸರಿ, ಆದರೆ ಔಷಧಿ ಕೆಲಸ ಮಾಡಿತು ಅಂತ ಹೇಳುವುದು ಹೇಗೆ? ವರ್ಷಗಟ್ಟಲೆ ಟ್ರಯಲ್‌ಗಳು ಮುಗ್ಗರಿಸಿದ್ದು ಇಲ್ಲೇ.

ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆಯನ್ನೇ ತಗೊಳ್ಳಿ. ಈ ಕಾಯಿಲೆಗೆ ಡಾಕ್ಟರುಗಳು ಎಷ್ಟೋ ವರ್ಷಗಳಿಂದ ಬರೆದುಕೊಡುತ್ತಿದ್ದಾರೆ. ಫ್ರಾನ್ಸಿನಲ್ಲಿ 120 ರೋಗಿಗಳ ಮೇಲೆ ನಡೆದ ಟ್ರಯಲ್ಲಿನ ಫಲಿತಾಂಶ 2014ರಲ್ಲಿ ಬಂತು. ಒಣಗುವಿಕೆ, ನೋವು, ಸುಸ್ತು, ಈ ಮೂರರಲ್ಲಿ ಎರಡಾದರೂ ಶೇ 30ರಷ್ಟು ತಗ್ಗಿದವರು ಮಾತ್ರೆ ನುಂಗಿದವರಲ್ಲಿ ಶೇ 18, ಔಷಧಿಯೇ ಇಲ್ಲದ ಮಾತ್ರೆ, ಅಂದರೆ ಪ್ಲಸೀಬೊ, ನುಂಗಿದವರಲ್ಲಿ ಶೇ 17. ವ್ಯತ್ಯಾಸವೇ ಇಲ್ಲ. ಬಿ ಕೋಶ ಅನ್ನುವ ಒಂದು ಬಗೆಯ ಬಿಳಿ ರಕ್ತಕಣಗಳನ್ನು ಕೊಲ್ಲುವ ರಿಟುಕ್ಸಿಮ್ಯಾಬ್ ಕೂಡ ಫ್ರಾನ್ಸ್, ಬ್ರಿಟನ್ ಎರಡೂ ಕಡೆ ತನ್ನ ಮುಖ್ಯ ಗುರಿ ಮುಟ್ಟಲಿಲ್ಲ. ಆದರೆ ಬ್ರಿಟನ್ನಿನ ಟ್ರಯಲ್ಲಿನಲ್ಲಿ ಟ್ಯೂಬಿಗೆ ಬಿದ್ದ ಜೊಲ್ಲಿನ ಲೆಕ್ಕ ಮಾತ್ರ ಔಷಧಿಯ ಕಡೆಗೆ ಸ್ವಲ್ಪ ವಾಲಿತ್ತು. ಹಾಗಾದರೆ ಯಾವುದನ್ನು ನಂಬೋಣ, ಟ್ಯೂಬನ್ನೋ, ರೋಗಿಯ ಮಾತನ್ನೋ?

ಇದಕ್ಕೆ ಪರಿಹಾರ ಅಂತ ಬಂದದ್ದು ಎಸ್ಡೈ ಅನ್ನುವ ಅಂಕಪಟ್ಟಿ. ಚರ್ಮ, ಕೀಲು, ಶ್ವಾಸಕೋಶ, ನರ, ರಕ್ತ ಹೀಗೆ 12 ವಿಭಾಗಗಳಲ್ಲಿ ಕಾಯಿಲೆಯ ಜೋರು ಎಷ್ಟು ಅಂತ ಡಾಕ್ಟರೇ ಅಂಕ ಹಾಕುತ್ತಾರೆ. ಒಳ್ಳೆಯ ಅಳತೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ 12ರಲ್ಲಿ ಬಾಯಿ ಒಣಗುವುದು ಇಲ್ಲ, ಸುಸ್ತೂ ಇಲ್ಲ! ಎಸ್ಡೈ ಅಂಕ ಕಮ್ಮಿ ಇದ್ದವರನ್ನು ಎಷ್ಟೋ ಟ್ರಯಲ್‌ಗಳು ಸೇರಿಸಿಕೊಳ್ಳುವುದೂ ಇಲ್ಲ. ಅಂದರೆ ಒಣ ಬಾಯಿ, ಸುಸ್ತಿನಲ್ಲೇ ಬದುಕು ಸವೆಸುವ ನಮ್ಮ ಚಿಕ್ಕಮ್ಮನಂಥವರು ಹೊರಗೇ ಉಳಿದರು. ನನಗೆ ಇದು ತುಂಬಾ ನೋವಿನ ಸಂಗತಿ.

ಅದಕ್ಕೇ 2024ರಲ್ಲಿ ಬಂದ ಡಾಜೊಡಾಲಿಬೆಪ್ ಟ್ರಯಲ್ಲಿನ ವರದಿ ಓದಿ ಖುಷಿಯಾಯಿತು. ಬಿಳಿ ರಕ್ತಕಣಗಳು ಒಂದಕ್ಕೊಂದು ಕೊಡುವ ಸನ್ನೆಯೊಂದನ್ನು ಈ ಔಷಧಿ ತಡೆಯುತ್ತದೆ. ಸಂಶೋಧಕರು ರೋಗಿಗಳನ್ನು ಎರಡು ಗುಂಪು ಮಾಡಿದರು. ಎಸ್ಡೈ ಅಂಕ ಜಾಸ್ತಿ ಇದ್ದವರು ಒಂದು ಕಡೆ, ಅದು ಕಮ್ಮಿ ಇದ್ದರೂ ಒಣಗುವಿಕೆ, ಸುಸ್ತು, ನೋವಿನಿಂದ ನರಳುವವರು ಇನ್ನೊಂದು ಕಡೆ. ಎರಡನೆಯವರಿಗೆ ಅಳತೆ ಅವರದೇ ಮಾತು. ಎರಡೂ ಗುಂಪಿನಲ್ಲಿ ಔಷಧಿ ಪ್ಲಸೀಬೊಗಿಂತ ಚೆನ್ನಾಗಿ ಕೆಲಸ ಮಾಡಿತು. ಇದು ಎರಡನೇ ಹಂತದ ಟ್ರಯಲ್ ಅಷ್ಟೇ. ಇನ್ನೊಂದು ಔಷಧಿ ಇಯಾನಲುಮ್ಯಾಬ್. ಇದು ಬಿ ಕೋಶಗಳನ್ನು ಕೊಲ್ಲುವುದರ ಜೊತೆಗೆ ಅವುಗಳನ್ನು ಬದುಕಿಸುವ ಸನ್ನೆಯನ್ನೂ ಕತ್ತರಿಸುತ್ತದೆ. ಮೂರನೇ ಹಂತದ ಎರಡು ದೊಡ್ಡ ಟ್ರಯಲ್‌ಗಳಲ್ಲೂ ಇದು ಎಸ್ಡೈ ಗುರಿ ಮುಟ್ಟಿತು ಅಂತ 2025ರಲ್ಲಿ ಸುದ್ದಿ ಬಂತು.

ಹೈಡ್ರಾಕ್ಸಿಕ್ಲೋರೊಕ್ವಿನ್‌ಗೆ ಮತ್ತೆ ಬರಬೇಕು, ಯಾಕಂದರೆ ಅದರ ಕಥೆ 2014ಕ್ಕೆ ಮುಗಿಯಲಿಲ್ಲ. ಈ ಕಾಯಿಲೆಯ ಬಹಳ ಮಂದಿಯ ರಕ್ತದಲ್ಲಿ ಆಂಟಿ-ರೋ ಅನ್ನುವ ಪ್ರತಿಕಾಯ ಇರುತ್ತದೆ. ಬಸುರಿಯಲ್ಲಿ ಅದು ಮಗುವಿಗೂ ದಾಟಿ, ನೂರರಲ್ಲಿ ಒಂದೋ ಎರಡೋ ಶಿಶುಗಳಲ್ಲಿ ಹೃದಯದ ವಿದ್ಯುತ್ ದಾರಿಯನ್ನು ಕೆಡಿಸುತ್ತದೆ. ಒಂದು ಮಗುವಿಗೆ ಹಾಗಾಗಿದ್ದರೆ ಮುಂದಿನ ಮಗುವಿಗೂ ಆಗುವ ಸಂಭವ ಶೇ 18ರಷ್ಟು. ಅಂಥ ತಾಯಂದಿರಿಗೆ ಬಸುರಿನ ಹತ್ತನೇ ವಾರದೊಳಗೇ ಇದೇ ಮಾತ್ರೆ ಶುರು ಮಾಡಿ ನೋಡಿದರು. 2020ರಲ್ಲಿ ಬಂದ ಫಲಿತಾಂಶದಲ್ಲಿ ಅದು ಶೇ 7ರ ಆಸುಪಾಸಿಗೆ ಇಳಿದಿತ್ತು. ಪ್ಲಸೀಬೊ ಗುಂಪು ಇರಲಿಲ್ಲ, ಹೋಲಿಸಿದ್ದು ಹಳೆಯ ಲೆಕ್ಕಗಳ ಜೊತೆ. ಆದರೂ ಇಲ್ಲಿ ಅಳೆದದ್ದು ಮಗುವಿನ ಎದೆಬಡಿತ. ಅದರಲ್ಲಿ ಗೊಂದಲಕ್ಕೆ ಜಾಗ ಕಮ್ಮಿ.

ಹಾಗಾಗಿ ಮನೆಯಲ್ಲಿ ಯಾರಾದರೂ ಮೂರು ತಿಂಗಳಿಂದ ದಿನಾ ಕಣ್ಣು, ಬಾಯಿ ಒಣಗುತ್ತಿದೆ ಅಂದರೆ ಸಂಧಿವಾತದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಆಂಟಿ-ರೋ ಪರೀಕ್ಷೆ ಬೇಕಾ ಅಂತ ನೀವೇ ಕೇಳಿ. ಹೆಣ್ಣುಮಗಳು ಬಸುರಿಯಾಗುವ ಯೋಚನೆಯಲ್ಲಿದ್ದರಂತೂ ಮೊದಲೇ ಕೇಳಿ. ಕಿವಿಯ ಮುಂದೆ ಕೆನ್ನೆ ಊದಿಕೊಂಡು ಇಳಿಯದೇ ಇದ್ದರೆ ಅದನ್ನೂ ಬೇಗ ತೋರಿಸಿ.