ಕುದುರೆ ಮರಿಯ ಭೇದಿಯ ಹಿಂದಿನ ಕಥೆ

ಸುಗ್ಗಿ ಮುಗಿದ ಮೇಲೆ ಕೊಪ್ಪಳದ ಕಡೆ ಹೊಲಗಳಲ್ಲಿ ಕುರಿ ತರುಬುವವರನ್ನು ನೀವು ನೋಡಿರುತ್ತೀರಿ. ಹಿಂಡಿನ ಜೊತೆ ಒಂದೆರಡು ಕುದುರೆ ಇದ್ದೇ ಇರುತ್ತವೆ. ಬಲೆ, ಕಂಬಳಿ, ಪಾತ್ರೆ, ಕೆಲವೊಮ್ಮೆ ಆಗತಾನೆ ಹುಟ್ಟಿದ ಕುರಿಮರಿಗಳನ್ನೂ ಹೊರುವುದು ಅವೇ. ಹೋದ ವರ್ಷ ಅಂಥ ಒಂದು ಬಿಡಾರದಲ್ಲಿ ವಾರದ ಕುದುರೆ ಮರಿ ನೋಡಿದೆ. ಬಾಲವೆಲ್ಲ ಒದ್ದೆ, ಹಿಂಗಾಲಿಗೆ ಹಳದಿ ಭೇದಿ ಮೆತ್ತಿತ್ತು, ತಾಯಿ ಪಕ್ಕದಲ್ಲೇ ನಿಂತಿದ್ದರೂ ಕೆಚ್ಚಲಿಗೆ ಬಾಯಿ ಹಾಕುತ್ತಿರಲಿಲ್ಲ. ಹಾಲು ಜಾಸ್ತಿ ಆಗಿದೆ ಬಿಡಿ ಅಂದರು. ಇರಬಹುದು, ಯಾರೂ ಪರೀಕ್ಷೆ ಮಾಡಿಸಲಿಲ್ಲ. ಆದರೆ ಎಳೆ ಮರಿಗಳ ಭೇದಿಗೆ ಜಗತ್ತಿನಲ್ಲೆಲ್ಲ ದೊಡ್ಡ ಕಾರಣ ರೋಟಾವೈರಸ್.

1973ರಲ್ಲಿ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಜೊತೆಗಾರರು ಇದನ್ನು ಮಕ್ಕಳ ಕರುಳಿನಲ್ಲಿ ಕಂಡರು. ನೋಡಲು ಥೇಟ್ ಬಂಡಿ ಗಾಲಿ. ಲ್ಯಾಟಿನ್‌ನಲ್ಲಿ ರೋಟಾ ಅಂದರೂ ಗಾಲಿಯೇ. 1975ರ ಹೊತ್ತಿಗೆ ಕುದುರೆ ಮರಿಗಳಲ್ಲೂ ಸಿಕ್ಕಿತು.

ಇದರ ಜೀನ್‌ಗಳು 11 ತುಂಡುಗಳಲ್ಲಿವೆ, ಮಜಾ ಇರುವುದೇ ಅಲ್ಲಿ. ಎರಡು ಹಿಂಡು ಒಂದೇ ಹಳ್ಳಕ್ಕೆ ನೀರಿಗೆ ಬಂದರೆ ಅವರ ನಾಲ್ಕು ಕುರಿ ನಮ್ಮ ಹಿಂಡಿಗೆ, ನಮ್ಮವು ಅವರ ಹಿಂಡಿಗೆ ಸೇರಿಬಿಡುತ್ತವೆ ಅಲ್ವಾ, ಹಾಗೇ ಎರಡು ಬಗೆಯ ವೈರಸ್ ಒಂದೇ ಜೀವಕೋಶಕ್ಕೆ ನುಗ್ಗಿದರೆ ತುಂಡುಗಳು ಅದಲುಬದಲಾಗಿ ಮೂರನೆಯದೊಂದು ಹೊರಬೀಳುತ್ತದೆ. ದೂರ ಯಾಕೆ, ಬೆಂಗಳೂರಿನ ಹಸುಗೂಸುಗಳಲ್ಲಿ ಸಿಕ್ಕ ಐ321 ಎಂಬ ತಳಿಯಲ್ಲಿ 9 ತುಂಡು ದನದ ವೈರಸ್‌ನವು, ಮನುಷ್ಯರದ್ದು ಎರಡೇ.

ಕುದುರೆಯ ವೈರಸ್ ಮಾತ್ರ ಸ್ವಲ್ಪ ಹಟಮಾರಿ, ಹೀಗೆ ಬೇರೆಯವುಗಳ ಜೊತೆ ಬೆರೆಯುವುದು ಕಡಿಮೆ. ಮೈಮೇಲಿನ ಎರಡು ಪ್ರೊಟೀನ್ ನೋಡಿ ಜಿ, ಪಿ ಅಂತ ಗುರುತು ಹಾಕುತ್ತಾರೆ. ಹೆಚ್ಚಾಗಿ ಸಿಗುವುದು ಜಿ3ಪಿ12, ಇಲ್ಲವೇ ಜಿ14ಪಿ12. ಇವೆರಡರ ನಡುವೆಯೂ ಮೇಲಾಟ ಇದ್ದೇ ಇದೆ: ಅರ್ಜೆಂಟೀನಾದಲ್ಲಿ 1992ರಿಂದ 2008ರವರೆಗೆ ನೋಡಿದಾಗ ಮೊದಲು ಜಿ3ರದ್ದೇ ಕಾರುಬಾರು, ಆಮೇಲೆ ಜಿ14 ಜೋರಾಯಿತು. ಅಮೆರಿಕದ ಲಸಿಕೆ ತಯಾರಾಗಿದ್ದು ಜಿ3ರಿಂದ. ಅದನ್ನು ಮರಿಗೆ ಕೊಡುವುದಿಲ್ಲ, ಗಬ್ಬದ ಕುದುರೆಗೆ 8, 9, 10ನೇ ತಿಂಗಳಲ್ಲಿ ಚುಚ್ಚುತ್ತಾರೆ. ರಕ್ಷಣೆ ಗಿಣ್ಣು ಹಾಲಿನಲ್ಲಿ ಮರಿಗೆ ಇಳಿಯುತ್ತದೆ.

2021ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಹುಟ್ಟಿ ವಾರವೂ ಆಗದ ಮರಿಗಳಿಗೆ ಜೋರು ಭೇದಿ ಶುರುವಾಯಿತು. ರೋಟಾವೈರಸ್‌ಗಳಲ್ಲಿ ಎ, ಬಿ ಅಂತ ಗುಂಪುಗಳಿವೆ, ಇಲ್ಲಿಯವರೆಗೆ ಹೇಳಿದ್ದೆಲ್ಲ ಎ ಗುಂಪಿನದು. ಮಾಮೂಲಿ ಎ ಗುಂಪಿನ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಜೀನ್‌ಗಳನ್ನೇ ಓದಿ ನೋಡಿದರೆ ಅದು ಬಿ ಗುಂಪಿನ ರೋಟಾವೈರಸ್! ಇದ್ದ ಲಸಿಕೆ ಎ ಗುಂಪಿನದು, ಇದಕ್ಕೆ ನಾಟುವುದಿಲ್ಲ. ಹೊಸದರ ಜೀನ್‌ಗಳು ಹೋಲುತ್ತಿದ್ದದ್ದು ಮೆಲುಕು ಹಾಕುವ ಪ್ರಾಣಿಗಳ ವೈರಸ್‌ಗಳನ್ನು.

ಅದನ್ನು ಓದಿದಾಗ ನನಗೆ ಆ ಬಿಡಾರದ ತೊಟ್ಟಿ ನೆನಪಾಯಿತು. ಒಂದು ತುದಿಯಲ್ಲಿ ಕುದುರೆ, ಇನ್ನೊಂದು ತುದಿಯಲ್ಲಿ ಕುರಿಗಳು ನೀರು ಕುಡಿಯುತ್ತಿದ್ದವು. ನಾಲ್ಕು ದಿನ ಬಿಟ್ಟು ಹೋದರೆ ಬಿಡಾರ ಎದ್ದಿತ್ತು, ಹೊಲದಲ್ಲಿ ಹಿಕ್ಕೆ ಮಾತ್ರ ಉಳಿದಿತ್ತು.