ಜರ್ಮನ್‌ನ ‘ಹುಚ್ಚು’ ಪದಗಳು: ಯಾವುದು ಹೊಗಳಿಕೆ, ಯಾವುದು ಬೈಗುಳ

ಫೆರ್ರ್ಯುಕ್ಟ್, ವಾನ್‌ಜಿನ್ನಿಶ್, ಇರ್ರೆ. ಮೂರಕ್ಕೂ ‘ಹುಚ್ಚು’ ಅಂತ ಒಂದೇ ಅರ್ಥ ಬರೆದಿಟ್ಟುಕೊಂಡರೆ ಮಾತಾಡುವಾಗ ತೊಂದರೆ.

ಫೆರ್ರ್ಯುಕ್ಟ್ ಸುಲಭ. ವಿಚಿತ್ರ ಐಡಿಯಾಗೂ ಸರಿ, ತಿಕ್ಕಲು ಗೆಳೆಯನಿಗೂ ಸರಿ. ಜೊತೆಗೆ ‘ನಾಖ್’ ಬಂದರೆ ಅದು ಆಸೆ: ‘ಇಶ್ ಬಿನ್ ಫೆರ್ರ್ಯುಕ್ಟ್ ನಾಖ್ ಡಿಯರ್’ ಅಂದ್ರೆ ನಿನ್ನ ಮೇಲೆ ನನಗೆ ಹುಚ್ಚು ಪ್ರೀತಿ. ನಾಖ್ ಆದ್ಮೇಲೆ ಡಾಟಿವ್ (ನಮ್ಮ ‘-ಗೆ’ ತರಹದ ವಿಭಕ್ತಿ), ಅಷ್ಟೇ.

ಕಷ್ಟ ಇರುವುದು ವಾನ್‌ಜಿನ್ನಿಶ್‌ನಲ್ಲಿ. ದಿನನಿತ್ಯದ ಮಾತಿನಲ್ಲಿ ಇದು ಹೆಚ್ಚಾಗಿ ‘ತುಂಬಾ’ ಅನ್ನುವುದಕ್ಕೆ ಬರುತ್ತದೆ. ‘ವಾನ್‌ಜಿನ್ನಿಶ್ ಟಾಯರ್’ ಅಂದ್ರೆ ನಮ್ಮ ‘ಹುಚ್ಚಾಪಟ್ಟೆ ದುಬಾರಿ’. ಈಗ ಈ ಎರಡನ್ನು ನಿಧಾನವಾಗಿ ಓದಿ:

‘ಐನ್ ವಾನ್‌ಜಿನ್ನಿಶ್ ಗೂಟರ್ ಲೇರರ್’: ಸಿಕ್ಕಾಪಟ್ಟೆ ಒಳ್ಳೆಯ ಮೇಷ್ಟ್ರು.
‘ಐನ್ ವಾನ್‌ಜಿನ್ನಿಗರ್ ಲೇರರ್’: ಹುಚ್ಚು ಮೇಷ್ಟ್ರು.

ಮೊದಲನೆಯದರಲ್ಲಿ ಪದ ‘ಗೂಟರ್’ಗೆ ಅಂಟಿಕೊಂಡಿದೆ, ಎಷ್ಟು ಒಳ್ಳೆಯವರು ಅಂತ ಹೇಳುತ್ತಿದೆ. ಹಾಗಾಗಿ ಅದಕ್ಕೆ ಪ್ರತ್ಯಯವಿಲ್ಲ. ಎರಡನೆಯದರಲ್ಲಿ ನೇರವಾಗಿ ಮೇಷ್ಟ್ರಿಗೇ ಅಂಟಿದೆ, ಅದಕ್ಕೇ ‘-ಎರ್’ ಬಂತು. ‘ವಾನ್‌ಜಿನ್ನಿಗರ್ ಗೂಟರ್ ಲೇರರ್’ ಅಂದುಬಿಟ್ಟರೆ ಮೇಷ್ಟ್ರು ಒಳ್ಳೆಯವರೂ ಹೌದು, ಹುಚ್ಚರೂ ಹೌದು! ಕಿವಿಗೆ ಒಂದು ಒಳ್ಳೆಯ ಗುರುತಿದೆ: ಶಿಷ್ಟ ಉಚ್ಚಾರದಲ್ಲಿ ಪ್ರತ್ಯಯ ಇಲ್ಲದಿದ್ದರೆ ಕೊನೆಗೆ ‘ಶ್’ ತರಹದ ಸದ್ದು, ಪ್ರತ್ಯಯ ಸೇರಿದರೆ ‘ಗ’. ‘ಗ’ ಕೇಳಿಸಿದರೆ ಮುಂದಿನ ನಾಮಪದ ಯಾವುದು ಅಂತ ನೋಡಿ. ಅದು ವ್ಯಕ್ತಿಯಾದರೆ ಹುಷಾರು. ಹಸಿವು, ಬೆಲೆ ಇಂಥವಾದರೆ ಆಗಲೂ ‘ವಿಪರೀತ’ ಅಂತಲೇ ಅರ್ಥ: ‘ವಾನ್‌ಜಿನ್ನಿಗರ್ ಹುಂಗರ್’, ಭಯಂಕರ ಹಸಿವು.

ನಾಮಪದ ‘ವಾನ್‌ಜಿನ್’ ಉದ್ಗಾರವೂ ಹೌದು. 1989ರ ನವೆಂಬರ್ 9ರ ರಾತ್ರಿ ಬರ್ಲಿನ್ ಗೋಡೆ ತೆರೆದಾಗ ಜನ ಮತ್ತೆ ಮತ್ತೆ ಕೂಗಿದ್ದು ಇದನ್ನೇ. ನಂಬೋಕೇ ಆಗ್ತಿಲ್ಲ ಅನ್ನುವ ಖುಷಿ ಅದು. ನನಗೆ ಈ ಪದ ಇಷ್ಟವಾಗಿದ್ದೇ ಇದರಿಂದ.

‘ಇರ್ರೆ ಗೂಟ್’ ಅಂದರೂ ಸಖತ್ ಚೆನ್ನಾಗಿದೆ ಅಂತಲೇ. ಆದರೆ ಒಬ್ಬರನ್ನು ‘ಡೇರ್ ಇರ್ರೆ’ ಅನ್ನುವುದು ಒರಟು ಮಾತು. ನಿಜವಾದ ಮಾನಸಿಕ ಕಾಯಿಲೆಯ ಬಗ್ಗೆ ಹೇಳುವಾಗ ಈ ಯಾವ ಪದವೂ ಬೇಡ, ‘ಪ್ಸ್ಯುಶಿಶ್ ಕ್ರಾಂಕ್’ ಅನ್ನಿ.

‘ಶ್ಪಿನ್ಸ್ಟ್ ಡು?’ ಅಂದ್ರೆ ‘ತಲೆ ಕೆಟ್ಟಿದ್ಯಾ?’ ಗೆಳೆಯರ ನಡುವೆ ನಡೆಯುತ್ತದೆ, ಆಫೀಸಿನಲ್ಲಿ ಬೇಡ. ಪ್ರಿಂಟರ್ ಕೈಕೊಟ್ಟರೂ ‘ಡೇರ್ ಡ್ರುಕ್ಕರ್ ಶ್ಪಿಂಟ್’ ಅನ್ನುತ್ತಾರೆ.

ಬಾಯಿ ತೆರೆಯದೆಯೂ ಇದನ್ನು ಹೇಳಬಹುದು. ತೋರುಬೆರಳಿನಿಂದ ಹಣೆ ತಟ್ಟಿದರೆ ಮುಗಿಯಿತು, ಅದಕ್ಕೆ ‘ಫೋಗೆಲ್ (ಹಕ್ಕಿ) ತೋರಿಸುವುದು’ ಅನ್ನುತ್ತಾರೆ. ಗಾಡಿ ಓಡಿಸುವಾಗ ಇನ್ನೊಬ್ಬ ಚಾಲಕನಿಗೆ ಹಾಗೆ ತೋರಿಸಿದರೆ ಜರ್ಮನಿಯಲ್ಲಿ ಅದು ಅವಮಾನದ ಅಪರಾಧ ಆಗಬಹುದು, ದಂಡವೂ ಬೀಳಬಹುದು.